ಮನೆಗೊಂದು ವಿಮೆ ಬೇಡವೇ?

ನಮ್ಮಲ್ಲಿ ಹೊಸ ಸ್ಕೂಟರು ಕೊಂಡ ದಿನವೇ ಅದಕ್ಕೆ ವಿಮೆಯಾಗುತ್ತದೆ. ಕಾರಿಗೂ ಅಷ್ಟೇ. ಮನೆಯ ಯಜಮಾನನ ಜೀವಕ್ಕೆ ಒಂದೋ ಎರಡೋ ಪಾಲಿಸಿಗಳು ಇದ್ದೇ ಇರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಆಸ್ಪತ್ರೆಯ ಖರ್ಚಿಗೂ ವಿಮೆ ಮಾಡಿಸುವ ರೂಢಿ ಬಂದಿದೆ. ಆದರೆ ಇವರೆಲ್ಲರೂ ವಾಸವಾಗಿರುವ, ಆ ಸ್ಕೂಟರು ಯಾವುದರ ಅಂಗಳದಲ್ಲಿ ನಿಂತಿದೆಯೋ ಆ ಮನೆಗೆ ಮಾತ್ರ ಯಾವ ವಿಮೆಯೂ ಇರುವುದಿಲ್ಲ. ಲಕ್ಷ ರೂಪಾಯಿಯ ವಾಹನಕ್ಕಿರುವ ರಕ್ಷಣೆ ನಲವತ್ತು ಲಕ್ಷದ ಮನೆಗೆ ಇಲ್ಲ. ಇದು ನನಗೆ ಬಹುಕಾಲದಿಂದ ವಿಚಿತ್ರವಾಗಿ ಕಂಡಿರುವ ಸಂಗತಿ. ಈ ಬರಹಗಳನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈಗ ಮನೆ ಕಟ್ಟಿಸಿದವರು ಅಥವಾ ಕಟ್ಟಿಸುತ್ತಿರುವವರು. ಬಂಧುಗಳಲ್ಲಿ ಹಲವರು ಹಿರಿಯರಿಂದ ಬಂದ ಮನೆಗಳನ್ನು ಕಾಪಾಡಿಕೊಂಡು ಬಂದಿರುವವರು. ಪಾಠ ಹೇಳುವ ನನ್ನ ಹಳೆಯ ಚಾಳಿಯನ್ನು ಕ್ಷಮಿಸಿ ಇದನ್ನಿಷ್ಟು ಓದಬೇಕೆಂದು ಕೋರುತ್ತೇನೆ.

ವಾಹನಕ್ಕೆ ನಾವು ವಿಮೆ ಮಾಡಿಸುವುದು ವಿವೇಕದಿಂದೇನೂ ಅಲ್ಲ, ಕಾನೂನಿನ ಭಯದಿಂದ. 1988ರ ಮೋಟಾರು ವಾಹನ ಕಾಯಿದೆಯಂತೆ ಮೂರನೆಯವರಿಗೆ ಆಗುವ ಹಾನಿಯ ಮಟ್ಟಿಗಾದರೂ ವಿಮೆಯಿಲ್ಲದ ವಾಹನ ರಸ್ತೆಗಿಳಿಯುವಂತಿಲ್ಲ. ಜೀವವಿಮೆಯ ಕಥೆ ಬೇರೆ. ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ 1891ರಷ್ಟು ಹಿಂದೆಯೇ ವಿಮಾ ಯೋಜನೆಯನ್ನು ಆರಂಭಿಸಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅಲ್ಲಿದೆ. ಸರ್ಕಾರಿ ಶಾಲೆಯ ಮೇಷ್ಟರ ಸಂಬಳದ ಪಟ್ಟಿಯಲ್ಲಿ ಕೆ.ಜಿ.ಐ.ಡಿ. ಎಂಬ ಕಡಿತವು ಅವನನ್ನು ಕೇಳದೆಯೇ ಆಗುತ್ತಿತ್ತು. 1956ರಲ್ಲಿ ಜೀವ ವಿಮಾ ನಿಗಮ ಸ್ಥಾಪನೆಯಾದ ಮೇಲೆ ಅದರ ಏಜೆಂಟರು ಹಳ್ಳಿಹಳ್ಳಿಗಳನ್ನು ತಲುಪಿದರು. ಫೆಬ್ರವರಿ, ಮಾರ್ಚ್ ಬಂತೆಂದರೆ ಶಿಕ್ಷಕರ ಕೊಠಡಿಯಲ್ಲಿ ಚೀಲ ಹಿಡಿದ ಏಜೆಂಟರೊಬ್ಬರು ಕುಳಿತಿರುವುದು ನಮಗೆಲ್ಲ ಪರಿಚಿತ ದೃಶ್ಯವಾಗಿತ್ತು. ಆದರೆ ಮನೆಗೆ ವಿಮೆ ಮಾಡಿಸಿ ಎಂದು ಕೇಳಿಕೊಂಡು ಬಂದ ಒಬ್ಬರನ್ನೂ ನನ್ನ ಮೂವತ್ತು ಚಿಲ್ಲರೆ ವರ್ಷಗಳ ವೃತ್ತಿಯಲ್ಲಿ ನಾನು ಕಾಣಲಿಲ್ಲ. ಕಾರಣ ಸರಳವಾದದ್ದು. ಅದರ ಕಂತು ಸಣ್ಣದು, ಏಜೆಂಟರಿಗೆ ಸಿಗುವ ಕಮಿಷನ್ ಅದಕ್ಕಿಂತ ಸಣ್ಣದು, ನಮಗೆ ತೆರಿಗೆಯ ವಿನಾಯಿತಿಯೂ ಇಲ್ಲ. ಯಾರಿಗೂ ಲಾಭವಿಲ್ಲದ ಸರಕನ್ನು ಯಾರು ತಾನೇ ಹೊತ್ತು ತಿರುಗುತ್ತಾರೆ?

ಇನ್ನು ನಮ್ಮ ಮನಸ್ಸಿನೊಳಗಿನ ಅಡ್ಡಿಗಳು. ಗೃಹಪ್ರವೇಶವಾದ ಮನೆಯಲ್ಲಿ ಕುಳಿತು, 'ಇದು ಸುಟ್ಟುಹೋದರೆ' ಎಂದು ಆರಂಭವಾಗುವ ವಾಕ್ಯವನ್ನು ಆಡಲು ನಾಲಗೆ ಏಳುವುದಿಲ್ಲ. ಅಪಶಕುನವೆಂದು ಹಿರಿಯರು ಗದರಿಸಿಯಾರು. ಆದರೆ ಅದೇ ಮನೆ ಕಟ್ಟುವಾಗ ದೃಷ್ಟಿಗೊಂಬೆ ಕಟ್ಟಿದವರು, ಬಾಗಿಲಿಗೆ ಬೂದುಗುಂಬಳಕಾಯಿ ತೂಗುಹಾಕಿದವರು, ವಾಸ್ತುಹೋಮ ಮಾಡಿಸಿದವರು ನಾವೇ ಅಲ್ಲವೇ? ಆಪತ್ತು ಬರಬಹುದೆಂಬ ಅರಿವು ನಮಗೆ ಇಲ್ಲದಿಲ್ಲ. ಅದನ್ನು ಕಾಗದದ ಮೇಲೆ ರೂಪಾಯಿ ಪೈಸೆಗಳಲ್ಲಿ ಬರೆಯಲು ಮಾತ್ರ ಹಿಂಜರಿಕೆ. ಎರಡನೆಯದು, 'ಕಟ್ಟಿದ ದುಡ್ಡು ವಾಪಸು ಬರುವುದಿಲ್ಲವಲ್ಲ' ಎಂಬ ಕೊರಗು. ಅವಧಿ ಮುಗಿದ ಮೇಲೆ ಬೋನಸ್ಸಿನೊಡನೆ ಹಣ ಹಿಂದಿರುಗಿಸುವ ಜೀವವಿಮೆಯ ಪಾಲಿಸಿಗಳು ನಮ್ಮ ಎಣಿಕೆಯನ್ನು ಕೆಡಿಸಿವೆ ಎಂದು ನನಗನ್ನಿಸುತ್ತದೆ. ಕಳ್ಳ ಬರಲಿಲ್ಲವೆಂದು ಕಾವಲುಗಾರನಿಂದ ಸಂಬಳವನ್ನು ಯಾರಾದರೂ ವಾಪಸು ಕೇಳುತ್ತಾರೆಯೇ?

ಹಿಂದಿನವರಿಗೆ ಇದ್ಯಾವುದೂ ಇರಲಿಲ್ಲ, ಅವರು ಬದುಕಲಿಲ್ಲವೇ ಎನ್ನುವವರೂ ಇದ್ದಾರೆ. ಅವರಿಗೂ ವಿಮೆ ಇತ್ತು, ಹೆಸರು ಬೇರೆ ಇತ್ತು. ನಾನು ಚಿಕ್ಕವನಿದ್ದಾಗ ನಮ್ಮ ಊರಿನಲ್ಲಿ ಸೋಗೆಯ ಮಾಡಿನ ಮನೆಯೊಂದು ಸುಟ್ಟರೆ ಮರುದಿನವೇ ಊರಿಗೆ ಊರೇ ಸೇರುತ್ತಿತ್ತು. ಒಬ್ಬರು ಬಿದಿರು, ಒಬ್ಬರು ಸೋಗೆ, ಇನ್ನೊಬ್ಬರು ಅಕ್ಕಿ ತಂದು ಹಾಕುತ್ತಿದ್ದರು. ಮಣ್ಣು ತುಳಿಯುವುದಕ್ಕೆ ಕೈಕಾಲುಗಳಿಗೇನೂ ಬರವಿರಲಿಲ್ಲ. ಹದಿನೈದು ದಿನಗಳಲ್ಲಿ ಮನೆ ಮತ್ತೆ ನಿಲ್ಲುತ್ತಿತ್ತು. ಮುಂದೊಂದು ದಿನ ತಮಗೂ ಹೀಗಾದೀತು ಎಂಬ ಲೆಕ್ಕಾಚಾರ ಆ ಔದಾರ್ಯದಲ್ಲಿ ಸ್ವಲ್ಪ ಬೆರೆತಿತ್ತೆಂದರೆ ಅವರಿಗೆ ಅಗೌರವವಾಗದು. ವಿಮೆಯೆಂದರೆ ಅದೇ: ಹಲವರು ಸ್ವಲ್ಪ ಸ್ವಲ್ಪ ಹಾಕಿ ಒಬ್ಬನ ಮನೆಯನ್ನು ಎತ್ತಿ ನಿಲ್ಲಿಸುವುದು. ಆದರೆ ಇಂದಿನ ಸಿಮೆಂಟು, ಕಬ್ಬಿಣ, ಗ್ರಾನೈಟು, ವೈರಿಂಗು, ಸಾಗುವಾನಿ ಬಾಗಿಲುಗಳ ಮನೆಯನ್ನು ಯಾವ ಊರಿನವರು ಮೈಯಾಳಿನಿಂದ ಕಟ್ಟಿಕೊಟ್ಟಾರು? ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿರುವವನಿಗೆ ಐದನೆಯ ಮಹಡಿಯವನ ಹೆಸರೇ ತಿಳಿದಿರುವುದಿಲ್ಲ.

ನನ್ನೊಡನೆ ಹಲವು ವರ್ಷ ಕೆಲಸ ಮಾಡಿದ ಚಿತ್ರಕಲಾ ಶಿಕ್ಷಕರೊಬ್ಬರ ವಿಚಾರವನ್ನು ಇಲ್ಲಿ ಹೇಳಬೇಕು. ಅವರು ನಿವೃತ್ತಿಗೆ ಕೆಲವು ವರ್ಷಗಳಿರುವಾಗ ಸಾಲ ಮಾಡಿ ಮನೆ ಕಟ್ಟಿಸಿದರು. ಮುಂಭಾಗಕ್ಕೆ ಹೆಂಚು, ಹಿಂಭಾಗಕ್ಕೆ ತಾರಸಿ. ಒಂದು ಬೇಸಿಗೆಯಲ್ಲಿ ಅವರು ಮದುವೆಗೆಂದು ಪರಊರಿಗೆ ಹೋಗಿದ್ದಾಗ ಅಟ್ಟದಲ್ಲಿ ವೈರು ಕಾದು ಹೊತ್ತಿಕೊಂಡಿತು. ಅಕ್ಕಪಕ್ಕದವರು ನೀರು ಹಾಕಿದರು, ಅಗ್ನಿಶಾಮಕದವರೂ ಬಂದರು. ಜೀವಹಾನಿಯಾಗಲಿಲ್ಲ. ಆದರೆ ಜಂತಿ, ತೊಲೆ, ಹೆಂಚು ಕುಸಿದು, ನಡುಮನೆಯ ಬೀರು, ಪುಸ್ತಕಗಳು, ಅವರು ಒಂದು ಆಯುಷ್ಯವಿಡೀ ಬರೆದ ಜಲವರ್ಣದ ಚಿತ್ರಗಳು ಎಲ್ಲವೂ ಹೋದವು. ನಾನು ನೋಡಲು ಹೋದಾಗ ಅವರು ಆಶ್ಚರ್ಯವಾಗುವಷ್ಟು ಸಮಾಧಾನದಿಂದಿದ್ದರು. "ಚಿತ್ರಗಳು ಹೋದದ್ದು ಹೋಯಿತು ಮೇಷ್ಟ್ರೇ, ಮನೆಗೇನೂ ಚಿಂತೆಯಿಲ್ಲ. ಸಾಲ ಕೊಡುವಾಗಲೇ ಬ್ಯಾಂಕಿನವರು ವಿಮೆ ಮಾಡಿಸಿದ್ದಾರೆ, ದುಡ್ಡು ನನ್ನಿಂದಲೇ ಹಿಡಿದಿದ್ದಾರೆ" ಎಂದರು. ಬ್ಯಾಂಕಿನಲ್ಲಿಟ್ಟಿದ್ದ ಕಡತವನ್ನು ತೆಗೆಸಿ ಓದಿದೆವು. ಅದು ಅವರ ಜೀವದ ಮೇಲಿನ ವಿಮೆ. ಸಾಲ ತೀರುವ ಮೊದಲು ಅವರು ತೀರಿಕೊಂಡರೆ ಉಳಿದ ಸಾಲವನ್ನು ವಿಮಾ ಕಂಪನಿ ಕಟ್ಟುತ್ತದೆ. ಮನೆ ಸುಟ್ಟರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮನೆಗೆ ವಿಮೆ ಮಾಡಿಸುವ ಹೊಣೆ ಸಾಲಗಾರನದೆಂದು ಸಾಲದ ಕರಾರಿನ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು. ಓದಿ ಹೇಳಿದ ಅಧಿಕಾರಿಯದೇನೂ ತಪ್ಪಿರಲಿಲ್ಲ, ಆದರೆ ಐದು ವರ್ಷ ಮೊದಲು ಅದನ್ನು ಯಾರೂ ಓದಿ ಹೇಳಿರಲಿಲ್ಲ. ಮುಂದಿನ ಒಂದೂವರೆ ವರ್ಷ ಅವರು ಮಾಡಿಲ್ಲದ ಮನೆಗೆ ಸಾಲದ ಕಂತು, ತಲೆಯ ಮೇಲೆ ಮಾಡಿರುವ ಮನೆಗೆ ಬಾಡಿಗೆ, ಎರಡನ್ನೂ ಕಟ್ಟಿದರು. ನಿವೃತ್ತಿಯಲ್ಲಿ ಬಂದ ಹಣ ಮಗಳ ಓದಿಗೆ ಹೋಗಬೇಕಾದದ್ದು ಹೆಂಚಿಗೆ ಹೋಯಿತು.

ಈ ಗೊಂದಲ ಅವರೊಬ್ಬರದಲ್ಲ. ಗೃಹಸಾಲ ಪಡೆದಿರುವ ಹತ್ತು ಜನರನ್ನು ನೀವೇ ಕೇಳಿ ನೋಡಿ, 'ವಿಮೆ ಇದೆ' ಎಂದು ಹೇಳುವವರಲ್ಲಿ ಎಷ್ಟು ಮಂದಿಗೆ ಅದು ಜೀವದ್ದೋ ಮನೆಯದ್ದೋ ತಿಳಿದಿದೆ ಎಂದು. ಮನೆಯದ್ದೇ ಆಗಿದ್ದರೂ ಕೆಲವು ಸಲ ಅದು ಸಾಲದ ಮೊತ್ತಕ್ಕೆ ಮಾತ್ರ ಇರುತ್ತದೆ. ಪರಿಹಾರದ ಹಣ ಮೊದಲು ಬ್ಯಾಂಕಿಗೆ ಸಲ್ಲುತ್ತದೆ. ಸಾಲ ತೀರಿದೊಡನೆ ಪಾಲಿಸಿಯೂ ಮುಗಿದುಹೋಗಿರಬಹುದು. ಸಾಲ ತೀರಿಸಿ ಪತ್ರಗಳನ್ನು ಬಿಡಿಸಿಕೊಂಡು ಬಂದ ದಿನ ಸಿಹಿ ಹಂಚುವ ನಾವು, ಆ ದಿನದಿಂದ ಮನೆಗೆ ವಿಮೆ ಉಳಿದಿದೆಯೇ ಎಂದು ನೋಡುವುದಿಲ್ಲ.

ಎಷ್ಟು ಮೊತ್ತಕ್ಕೆ ಮಾಡಿಸಬೇಕೆಂಬುದು ಮುಂದಿನ ಪ್ರಶ್ನೆ. ಇಲ್ಲಿ ಜನ ಎರಡು ಬಗೆಯಲ್ಲಿ ಎಡವುತ್ತಾರೆ. ಬೆಂಗಳೂರಿನ ಮೂವತ್ತು ನಲವತ್ತರ ನಿವೇಶನದ ಮೇಲಿನ ಮನೆಗೆ ಕೋಟಿ ಮೀರಿದ ಬೆಲೆ ಹೇಳುತ್ತಾರೆ. ಅಷ್ಟು ಮೊತ್ತಕ್ಕೆ ವಿಮೆಯೆಂದರೆ ಕಂತು ಎಷ್ಟಾದೀತೋ ಎಂದು ಹಿಂದೆ ಸರಿಯುತ್ತಾರೆ. ಆದರೆ ಆ ಕೋಟಿಯಲ್ಲಿ ಬಹುಪಾಲು ನೆಲದ ಬೆಲೆ. ನೆಲ ಸುಡುವುದಿಲ್ಲ, ನೆಲಕ್ಕೆ ವಿಮೆಯೂ ಇಲ್ಲ. ವಿಮೆ ಬೇಕಾದದ್ದು ಕಟ್ಟಡವನ್ನು ಮತ್ತೆ ಕಟ್ಟಲು ತಗಲುವ ವೆಚ್ಚಕ್ಕೆ. ಸಾವಿರದ ಇನ್ನೂರು ಚದರಡಿಯ ಮನೆ, ನಿಮ್ಮ ಊರಿನಲ್ಲಿ ಚದರಡಿಗೆ ಎರಡು ಸಾವಿರದ ಐನೂರರಂತೆ ಕಟ್ಟುತ್ತಾರೆಂದು ಇಟ್ಟುಕೊಂಡರೆ, ಮೂವತ್ತು ಲಕ್ಷವಾಯಿತು. ಅದಕ್ಕೆ ವರ್ಷದ ಕಂತು ಸಾಮಾನ್ಯವಾಗಿ ಕೆಲವು ಸಾವಿರ ರೂಪಾಯಿಗಳನ್ನು ದಾಟುವುದಿಲ್ಲ. ದೀಪಾವಳಿಯ ಪಟಾಕಿಯ ಖರ್ಚಿಗೆ ಹೋಲಿಸಿ ನೋಡಿ ಎಂದು ನಾನು ಪರಿಚಿತರಿಗೆ ಹೇಳುವುದುಂಟು. ಎಡವುವ ಎರಡನೆಯ ಬಗೆ ಇದರ ವಿರುದ್ಧವಾದದ್ದು. ಇಪ್ಪತ್ತು ವರ್ಷದ ಹಿಂದೆ ಎಂಟು ಲಕ್ಷಕ್ಕೆ ಕಟ್ಟಿಸಿದೆ, ಎಂಟು ಲಕ್ಷಕ್ಕೆ ಸಾಕು ಎನ್ನುವುದು. ಎಂಟು ಲಕ್ಷಕ್ಕೆ ಇಂದು ಅಡುಗೆಮನೆಯೂ ಸ್ನಾನದಮನೆಯೂ ಎದ್ದರೆ ಹೆಚ್ಚು.

ಬೆಂಕಿ ವಿಮೆಯ ಹಳೆಯ ಪಾಲಿಸಿಗಳಲ್ಲಿ ಹೀಗೆ ಕಡಿಮೆ ಮೊತ್ತಕ್ಕೆ ಮಾಡಿಸಿದವನಿಗೆ ಒಂದು ಕಠಿಣವಾದ ಶಿಕ್ಷೆಯಿತ್ತು. ನಲವತ್ತು ಲಕ್ಷದ ಮನೆಗೆ ಇಪ್ಪತ್ತು ಲಕ್ಷದ ವಿಮೆ ಇದ್ದು, ಹತ್ತು ಲಕ್ಷದ ಹಾನಿಯಾದರೆ, ಹತ್ತು ಲಕ್ಷವೂ ಸಿಗುವುದಿಲ್ಲ, ಐದೇ ಸಿಗುತ್ತದೆ. ನೀವು ಅರ್ಧ ಮನೆಗೆ ಮಾತ್ರ ವಿಮೆ ಮಾಡಿಸಿದ್ದೀರಿ, ಆದ್ದರಿಂದ ನಷ್ಟದಲ್ಲಿ ಅರ್ಧ ನಿಮ್ಮದು ಎಂಬುದು ಅದರ ತರ್ಕ. ಏಳನೆಯ ತರಗತಿಯ ಅನುಪಾತದ ಲೆಕ್ಕವೇ ಇದು, ಆದರೆ ಸುಟ್ಟ ಮನೆಯ ಮುಂದೆ ನಿಂತು ಅದನ್ನು ಕಲಿಯುವಂತಾಗಬಾರದು.

ಈ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆಯಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ವಾಸದ ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿ ಜಾರಿಗೆ ಬಂದಿದೆ. ಬೆಂಕಿ ವಿಮೆಯ ವ್ಯವಹಾರ ನಡೆಸುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಇದನ್ನು ಕೊಡಬೇಕು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ನೀರಿನ ಟ್ಯಾಂಕು ಒಡೆಯುವುದು ಇವೆಲ್ಲ ಇದರಲ್ಲಿ ಸೇರಿವೆ. ಮೇಲೆ ಹೇಳಿದ ಅನುಪಾತದ ಕಡಿತವನ್ನು ಇದರಲ್ಲಿ ಕೈಬಿಟ್ಟಿದ್ದಾರೆ. ವಿಮೆಯ ಮೊತ್ತವನ್ನು ಮೀರದಂತೆ ಆದ ನಷ್ಟ ಪೂರ್ತಿ ಸಿಗುತ್ತದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯೊಳಗಿನ ಸಾಮಾನುಗಳಿಗೆ ಆ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಪಟ್ಟಿ ಕೊಡದೆಯೇ ರಕ್ಷಣೆ ಸೇರಿಕೊಳ್ಳುತ್ತದೆ. ಮನೆ ವಾಸಯೋಗ್ಯವಾಗುವವರೆಗೆ ಬೇರೆಡೆ ಇರುವ ಬಾಡಿಗೆಗೂ ಅವಕಾಶವಿದೆ. ನಮ್ಮ ಚಿತ್ರಕಲಾ ಮೇಷ್ಟರ ಒಂದೂವರೆ ವರ್ಷವನ್ನು ನೆನೆದರೆ ಈ ಕೊನೆಯ ಮಾತಿನ ಬೆಲೆ ತಿಳಿಯುತ್ತದೆ. ಹತ್ತು ವರ್ಷಗಳವರೆಗೂ ಒಟ್ಟಿಗೆ ಮಾಡಿಸಬಹುದು. ಹಾಗೆ ಮಾಡಿಸಿದರೆ ವಿಮೆಯ ಮೊತ್ತ ವರ್ಷಕ್ಕೆ ಶೇಕಡಾ 10ರಂತೆ ತಾನಾಗಿ ಏರುತ್ತಾ ಹೋಗುತ್ತದೆ.

ಇದರಲ್ಲಿ ಇಲ್ಲದ್ದೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಾಮಾನ್ಯ ಕಳ್ಳತನ. ಬೆಂಕಿಯೋ ನೆರೆಯೋ ಬಂದ ಏಳು ದಿನಗಳೊಳಗೆ ಆ ಗಲಿಬಿಲಿಯಲ್ಲಿ ಆದ ಕಳವಿಗೆ ಮಾತ್ರ ಪರಿಹಾರವುಂಟು. ಬೀಗ ಮುರಿದು ಒಯ್ದದ್ದಕ್ಕೆ ಬೇರೆ ವಿಮೆಯನ್ನು ಕೇಳಿ ಸೇರಿಸಿಕೊಳ್ಳಬೇಕು. ಚಿನ್ನ, ಬೆಳ್ಳಿಗೂ ಪ್ರತ್ಯೇಕವಾಗಿ ಹೇಳಬೇಕು. ಗೆದ್ದಲು ತಿಂದದ್ದು, ಗೋಡೆ ಜಿನುಗಿ ಬಣ್ಣ ಹೋದದ್ದು, ಹಳತಾಗಿ ಸವೆದದ್ದು ಇವು ಯಾವ ವಿಮೆಗೂ ಬರುವುದಿಲ್ಲ, ಬರಬೇಕೆಂದು ಕೇಳುವುದೂ ನ್ಯಾಯವಲ್ಲ.

ಚಿನ್ನದ ಮಾತು ಬಂದಾಗ ನಮ್ಮ ಗೃಹಿಣಿಯರು, "ಅದೆಲ್ಲ ಬ್ಯಾಂಕಿನ ಲಾಕರಿನಲ್ಲಿದೆ" ಎಂದು ನಿಶ್ಚಿಂತೆಯಿಂದ ಹೇಳುತ್ತಾರೆ. ಲಾಕರಿನೊಳಗೆ ಏನಿದೆಯೆಂದು ಬ್ಯಾಂಕಿಗೆ ತಿಳಿಯದು, ಅದಕ್ಕೆ ಬ್ಯಾಂಕು ವಿಮೆಯನ್ನೂ ಮಾಡಿಸುವುದಿಲ್ಲ. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ನೌಕರರ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ವರ್ಷಕ್ಕೆ ಎರಡು ಸಾವಿರ ಬಾಡಿಗೆಯಾದರೆ ಎರಡು ಲಕ್ಷ. ಇಂದಿನ ಚಿನ್ನದ ದರದಲ್ಲಿ ಅದು ಎಷ್ಟು ಬಳೆಗಳಿಗೆ ಸಮವೆಂಬುದನ್ನು ಅವರೇ ನನಗಿಂತ ಚೆನ್ನಾಗಿ ಲೆಕ್ಕ ಹಾಕಬಲ್ಲರು. ಬ್ಯಾಂಕಿನ ನಿರ್ಲಕ್ಷ್ಯವಿಲ್ಲದೆ ಭೂಕಂಪ, ನೆರೆಗಳಿಂದಾದ ನಷ್ಟಕ್ಕಂತೂ ಆ ಹೊಣೆಯೂ ಇಲ್ಲ.

ದೊಡ್ಡ ವಿಪತ್ತಾದರೆ ಸರ್ಕಾರ ಕೈಬಿಟ್ಟೀತೇ ಎಂದು ಕೇಳುವವರೂ ಇದ್ದಾರೆ. 2009ರಲ್ಲಿ ಉತ್ತರ ಕರ್ನಾಟಕದ ನೆರೆ, 2018ರ ಆಗಸ್ಟಿನಲ್ಲಿ ಕೊಡಗಿನ ಭೂಕುಸಿತ, 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆಯಿಂದ ಮಲೆನಾಡಿನವರೆಗೆ ಆದ ಅನಾಹುತ, ಇವನ್ನೆಲ್ಲ ನಾವು ಕಂಡಿದ್ದೇವೆ. ಸರ್ಕಾರ ಕೈಬಿಡಲಿಲ್ಲ ಎಂಬುದೂ ನಿಜ. 2019ರಲ್ಲಿ ಪೂರ್ಣವಾಗಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಅದು ಔದಾರ್ಯದ ಮೊತ್ತ. 2022ರಿಂದ 2026ರ ಅವಧಿಗೆ ವಿಪತ್ತು ಪರಿಹಾರ ನಿಧಿಗೆ ಗೊತ್ತುಪಡಿಸಿದ ಮಾನದಂಡವಾದರೋ ಪೂರ್ತಿ ಹಾಳಾದ ಮನೆಗೆ ಸಮತಟ್ಟು ಪ್ರದೇಶದಲ್ಲಿ 1,20,000, ಗುಡ್ಡಗಾಡಿನಲ್ಲಿ 1,30,000 ರೂಪಾಯಿ. ಏನೂ ಇಲ್ಲದವರ ತಲೆಯ ಮೇಲೆ ಒಂದು ಸೂರು ಇರಲೆಂಬುದು ಆ ಹಣದ ಉದ್ದೇಶ. ವಿಮೆಯ ಕಂತು ಕಟ್ಟುವ ಶಕ್ತಿಯಿರುವ ಪಿಂಚಣಿದಾರರೂ ನೌಕರರೂ ಆ ಸಾಲಿನಲ್ಲಿ ನಿಲ್ಲುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಅದು ಬಡವನ ಪಾಲು. ವಿಮೆ ಕೊಳ್ಳಬಲ್ಲವರು ಕೊಂಡರೆ ಆ ನಿಧಿ ಕೊಳ್ಳಲಾರದವರಿಗೆ ಇನ್ನಷ್ಟು ದೊರೆತೀತು. ಈ ಮಾತು ಕೆಲವರಿಗೆ ಕಹಿಯಾಗಬಹುದು, ಆದರೂ ಹೇಳುತ್ತೇನೆ.

ಕೊಡಗಿನ ಬಂಧುಗಳಿಗೆ ಒಂದು ಮಾತು. ಭೂಕುಸಿತದಲ್ಲಿ ಮನೆ ಹೋದರೆ ಮನೆಗೆ ಪರಿಹಾರವಿದೆ. ಮನೆಯೊಡನೆ ಜಾರಿಹೋದ ಜಾಗಕ್ಕಾಗಲಿ ತೋಟಕ್ಕಾಗಲಿ ಈ ಪಾಲಿಸಿಯಲ್ಲಿ ಇಲ್ಲ. ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದರೆ ಅದನ್ನು ಮೊದಲೇ ಬರೆದು ತಿಳಿಸಿ. ವಾಸದ ಮನೆಯೆಂದು ಮಾಡಿಸಿದ ಪಾಲಿಸಿ ವ್ಯಾಪಾರದ ಜಾಗಕ್ಕೆ ನಿಲ್ಲುವುದಿಲ್ಲ. ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಮಾಡು ಹೆಂಚಿನದೋ ತಾರಸಿಯೋ, ಮನೆಗೆ ಎಷ್ಟು ವರ್ಷ, ಎಲ್ಲವನ್ನೂ ಇದ್ದಂತೆ ಬರೆಯಬೇಕು. ಅರ್ಜಿಯನ್ನು ಏಜೆಂಟರಿಂದ ತುಂಬಿಸಿ ಕೆಳಗೆ ರುಜು ಹಾಕುವ ನಮ್ಮ ಅಭ್ಯಾಸ ಒಳ್ಳೆಯದಲ್ಲ. ಉತ್ತರಪತ್ರಿಕೆಯನ್ನು ಬೇರೆಯವರಿಂದ ಬರೆಸುವುದಕ್ಕೂ ಅದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣದು.

ಹೊರದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳೇ, ನೀವು ಅಲ್ಲಿ ಬಾಡಿಗೆ ಮನೆಯ ಸಾಮಾನಿಗೂ ವಿಮೆ ಮಾಡಿಸುತ್ತೀರೆಂದು ನೀವೇ ನನಗೆ ಹೇಳಿದ್ದೀರಿ. ಇಲ್ಲಿಯೂ ಬಾಡಿಗೆದಾರ ತನ್ನ ಸಾಮಾನುಗಳಿಗೆ ಮಾತ್ರ ವಿಮೆ ಮಾಡಿಸಬಹುದು. ಆದರೆ ನಿಮ್ಮ ತಂದೆತಾಯಿಯರ ಮನೆಗೆ ವಿಮೆ ಇದೆಯೇ ಎಂದು ಒಮ್ಮೆಯಾದರೂ ವಿಚಾರಿಸಿದ್ದೀರಾ? ಅವರು ನಿಮ್ಮ ಬಳಿಗೆ ಬಂದು ಆರು ತಿಂಗಳು ಇರುವಾಗ ಮನೆಗೆ ಬೀಗ ಹಾಕಿರುತ್ತದೆ. ಬೆಂಕಿ ವಿಮೆಯ ಹಳೆಯ ಷರತ್ತುಗಳಲ್ಲಿ ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ಮನೆ ಖಾಲಿ ಬಿದ್ದಿದ್ದರೆ, ಮೊದಲೇ ಕಂಪನಿಯ ಒಪ್ಪಿಗೆ ಪಡೆದಿರದಿದ್ದಲ್ಲಿ, ರಕ್ಷಣೆ ನಿಂತುಹೋಗುತ್ತಿತ್ತು. ಕಳವಿನ ವಿಮೆಗಳಲ್ಲಿ ಇಂಥ ಷರತ್ತುಗಳು ಸಾಮಾನ್ಯ. ವಿಮಾನದ ಟಿಕೆಟ್ಟು ಕಳುಹಿಸುವ ಮುನ್ನ ಆ ಪಾಲಿಸಿಯ ಆ ಒಂದು ಪುಟವನ್ನು ಓದಿ, ಬೇಕಾದರೆ ಕಂಪನಿಗೆ ಒಂದು ಪತ್ರ ಬರೆಯಿರಿ.

ಪಾಲಿಸಿ ಬಂದ ಮೇಲೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಮೊಬೈಲಿನಲ್ಲಿ ಕೋಣೆ ಕೋಣೆಯ ಚಿತ್ರ ತೆಗೆಯಿರಿ. ಬೀರುವಿನ ಬಾಗಿಲು ತೆರೆದು, ಅಡುಗೆಮನೆಯ ಕಪಾಟು ತೆರೆದು, ಫ್ರಿಜ್ಜು, ಟಿ.ವಿ.ಗಳ ಹಿಂಬದಿಯ ಸಂಖ್ಯೆ ಕಾಣುವಂತೆ. ದೊಡ್ಡ ಸಾಮಾನುಗಳ ರಸೀದಿಗಳ ಚಿತ್ರವೂ ಇರಲಿ. ಅನಾಹುತವಾದರೆ ತಡಮಾಡದೆ ಕಂಪನಿಗೆ ತಿಳಿಸಬೇಕು. ಸರ್ವೇಯರು ಬಂದು ನೋಡುವ ಮೊದಲು ಸುಟ್ಟದ್ದನ್ನು ಗುಡಿಸಿ ಹಾಕಬಾರದು, ಅದೆಷ್ಟೇ ಸಂಕಟವಾದರೂ. ಕಂಪನಿಯ ಉತ್ತರ ನ್ಯಾಯವಲ್ಲವೆನಿಸಿದರೆ ಮೊದಲು ಅದಕ್ಕೇ ದೂರು ಕೊಟ್ಟು, ಅಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಇನ್ನು ಪಾಲಿಸಿಯ ಕಾಗದವನ್ನು ಎಲ್ಲಿಡುವುದು? ನಮ್ಮಲ್ಲಿ ಬಹುಮಂದಿ ಅದನ್ನು ಮನೆಯ ಪತ್ರಗಳೊಡನೆ ಅದೇ ಮನೆಯ ಅದೇ ಬೀರುವಿನಲ್ಲಿ ಇಡುತ್ತಾರೆ. ಒಂದು ಪ್ರತಿಯನ್ನು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಕೊಟ್ಟಿರಿ, ಚಿತ್ರಗಳನ್ನು ಮಕ್ಕಳ ಇಮೇಲಿಗೆ ಕಳುಹಿಸಿಡಿ.